ಓರೆನೋಟಕ್ಕೆ ಸಿಕ್ಕುವ ಪಂಚಕ

ಪೆಗಸಸ್ ಎಂಬ ರೆಕ್ಕೆಗುದುರೆಯ ನಕ್ಷತ್ರಪುಂಜದ ಉತ್ತರ ಅಂಚಿನಲ್ಲಿ, ಹುಣ್ಣಿಮೆ ಚಂದ್ರನ ಅಗಲದ ಎಂಟನೇ ಒಂದು ಭಾಗದಷ್ಟು ಜಾಗದಲ್ಲಿ, ಐದು ಗ್ಯಾಲಕ್ಸಿಗಳು ಒಂದಕ್ಕೊಂದು ಒತ್ತಿಕೊಂಡಂತೆ ಕಾಣುತ್ತವೆ. ಫ್ರಾನ್ಸಿನ ಖಗೋಳಜ್ಞ ಎಡ್ವಾರ್ ಸ್ತೆಫಾನ್ 1877ರಲ್ಲಿ ಮಾರ್ಸೇಲ್ಸ್ ವೀಕ್ಷಣಾಲಯದ 80 ಸೆಂಟಿಮೀಟರ್ ದೂರದರ್ಶಕದಿಂದ ಈ ಗುಂಪನ್ನು ಗುರುತಿಸಿದ. ಹಾಗಾಗಿ ಇದಕ್ಕೆ ‘ಸ್ತೆಫಾನ್ ಪಂಚಕ’ ಎಂದೇ ಹೆಸರು. ಎನ್‌ಜಿಸಿ ಎಂಬ ಆಕಾಶಕಾಯಗಳ ಪಟ್ಟಿಯಲ್ಲಿ ಇವುಗಳ ಸಂಖ್ಯೆ 7317, 7318ಎ, 7318ಬಿ, 7319 ಮತ್ತು 7320.

ಆಕಾಶಕಾಯದ ಹೊಳಪನ್ನು ಅಳೆಯುವ ಕಾಂತಿಮಾನದ ಅಂಕ ಹೆಚ್ಚಿದಷ್ಟೂ ಕಾಯ ಮಂಕು. ಒಳ್ಳೆಯ ಕತ್ತಲಲ್ಲಿ ಬರಿಗಣ್ಣಿಗೆ 6ರವರೆಗೆ ಎಟುಕುತ್ತದೆ. ಪಂಚಕದ ಗ್ಯಾಲಕ್ಸಿಗಳದು 13ರಿಂದ 14ರ ಆಸುಪಾಸು, ಎಂದರೆ ಬರಿಗಣ್ಣಿನ ಮಿತಿಗಿಂತ ಆರುನೂರು ಪಟ್ಟಿಗೂ ಹೆಚ್ಚು ಮಸುಕು. 16 ಇಂಚು ಕನ್ನಡಿಯ ಡಾಬ್ಸೋನಿಯನ್ ದೂರದರ್ಶಕ ಪೂರ್ತಿ ಅರಳಿದ ಕಣ್ಣಿನ ಪಾಪೆಗಿಂತ ಸುಮಾರು ಮೂರು ಸಾವಿರ ಪಟ್ಟು ಬೆಳಕನ್ನು ಒಟ್ಟುಮಾಡುತ್ತದೆ. ಪಂಚಕವನ್ನು ಬಿಡಿಬಿಡಿಯಾಗಿ ನೋಡಲು ಹವ್ಯಾಸಿಗಳು ಇಂಥ ದೊಡ್ಡ ಕನ್ನಡಿಯನ್ನೇ ಬಯಸುತ್ತಾರೆ.

ಇಂಥ ಹವ್ಯಾಸಿ ಆಕಾಶ ವೀಕ್ಷಣೆಗೆ ಪುಣೆಯಲ್ಲಿ ಹಳೆಯ ಬೇರುಗಳಿವೆ. ಅಲ್ಲಿನ ಹವ್ಯಾಸಿಗಳ ಸಂಘ ಜ್ಯೋತಿರ್ವಿದ್ಯಾ ಪರಿಸಂಸ್ಥಾ 1944ರಲ್ಲಿ ಸ್ಥಾಪನೆಯಾಯಿತು. ಆದರೆ ನಗರದ ದೀಪಗಳ ಬೆಳಕಿನಲ್ಲಿ ಪಂಚಕ ಮುಳುಗಿಹೋಗುತ್ತದೆ. ಖಗೋಳ ಸಂಶೋಧನಾ ಕೇಂದ್ರ ಐಯುಕಾ ಕೂಡ ತನ್ನ 2 ಮೀಟರ್ ದೂರದರ್ಶಕವನ್ನು ನಗರದಿಂದ ಸುಮಾರು 80 ಕಿಲೋಮೀಟರ್ ದೂರದ ಗಿರಾವಲಿಯಲ್ಲಿ ಸ್ಥಾಪಿಸಿತು. ಮುಂಗಾರಿನ ತಿಂಗಳುಗಳಲ್ಲಿ ಮೋಡ ಬಿಡುವು ಕೊಡುವುದಿಲ್ಲ. ಅಕ್ಟೋಬರ್ ಕೊನೆಯ ಹೊತ್ತಿಗೆ ಗಾಳಿ ತಿಳಿಯಾಗುತ್ತದೆ. ಆಗ ರಾತ್ರಿ 9ರ ಸುಮಾರಿಗೆ ಪಂಚಕ ಉತ್ತರ ದಿಕ್ಕಿನಲ್ಲಿ ನೆತ್ತಿಯಿಂದ ಹದಿನಾರು ಡಿಗ್ರಿಯಷ್ಟೇ ಕೆಳಗಿರುತ್ತದೆ. ಚಂದ್ರನಿಲ್ಲದ ದೀಪಾವಳಿ ಅಮಾವಾಸ್ಯೆ ಇದಕ್ಕೆ ಹೇಳಿ ಮಾಡಿಸಿದ ರಾತ್ರಿ, ಪಟಾಕಿಯ ಹೊಗೆ ತಲುಪದಷ್ಟು ದೂರ ಹೋದರೆ.

ಹುಡುಕಾಟ ಪೆಗಸಸ್‌ನ ದೊಡ್ಡ ಚೌಕದಿಂದ ಶುರುವಾಗುತ್ತದೆ. ನಮ್ಮ ಪೂರ್ವಾಭಾದ್ರ, ಉತ್ತರಾಭಾದ್ರ ನಕ್ಷತ್ರಗಳು ಈ ಚೌಕದ ಮೂಲೆಗಳೇ. ಚೌಕದ ವಾಯವ್ಯ ಮೂಲೆಯಾಚೆ ಇರುವ ಈಟಾ ಪೆಗಸಿಯಿಂದ ನಾಲ್ಕು ಡಿಗ್ರಿ ಉತ್ತರಕ್ಕೆ ಸರಿದರೆ ಎನ್‌ಜಿಸಿ 7331 ಎಂಬ ಉದ್ದನೆಯ, ಸುಲಭವಾಗಿ ಕಾಣುವ ಗ್ಯಾಲಕ್ಸಿ ಸಿಗುತ್ತದೆ. ಅಲ್ಲಿಂದ ದಕ್ಷಿಣ-ನೈಋತ್ಯಕ್ಕೆ ಅರ್ಧ ಡಿಗ್ರಿ ಸರಿದರೆ ಪಂಚಕ.

ಕಣ್ಣು ಕತ್ತಲಿಗೆ ಹೊಂದಿಕೊಳ್ಳಲು ಅರ್ಧ ಗಂಟೆಯಾದರೂ ಬೇಕು. ನಕ್ಷೆ ನೋಡಲು ಕೆಂಪು ಕಾಗದ ಸುತ್ತಿದ ಟಾರ್ಚ್ ಸಾಕು. ಮೊಬೈಲ್ ಪರದೆ ಒಮ್ಮೆ ಬೆಳಗಿದರೆ ಕಾದದ್ದೆಲ್ಲ ವ್ಯರ್ಥ. ನೂರು ಪಟ್ಟು ವರ್ಧನೆಯಲ್ಲಿ ಪಂಚಕ ಗಾಜಿನ ಮೇಲೆ ಉಸಿರು ಬಿಟ್ಟ ಗುರುತಿನಂತಿರುತ್ತದೆ. ಇನ್ನೂರು ದಾಟಿದಾಗ ಹಿನ್ನೆಲೆ ಕಪ್ಪಾಗಿ, ಮಸುಕು ಒಡೆಯತೊಡಗುತ್ತದೆ. ನೇರ ನೋಟಕ್ಕೆ ಕರಗುವುದು ಓರೆನೋಟಕ್ಕೆ ಸಿಕ್ಕುತ್ತದೆ, ಏಕೆಂದರೆ ಮಂದ ಬೆಳಕನ್ನು ಗ್ರಹಿಸುವ ಸರಳುಕೋಶಗಳು ಅಕ್ಷಿಪಟಲದ ನಟ್ಟನಡುವೆ ಇಲ್ಲ, ಸುತ್ತ ಇವೆ. ಕೊಳವೆಯನ್ನು ಬೆರಳಿನಿಂದ ಮೆಲ್ಲಗೆ ತಟ್ಟಿದರೆ ಚಿತ್ರ ಅಲುಗಿ, ಅಡಗಿದ್ದ ಮಸುಕೂ ಗಮನಕ್ಕೆ ಬರುತ್ತದೆ. 7320 ಎಲ್ಲಕ್ಕಿಂತ ದೊಡ್ಡದು. 7318ರ ಜೋಡಿ ಎರಡು ತಿರುಳಿನ ಒಂದೇ ಮಂಜಿನಂತೆ ತೋರುತ್ತದೆ. 7317 ಪುಟ್ಟ ದುಂಡು ಚುಕ್ಕೆ. 7319 ಕೊನೆಗೆ ಕೈಗೆ ಸಿಗುವಂಥದ್ದು.

ಐಪೀಸ್ ತೋರಿಸುವುದು ದಿಕ್ಕನ್ನು ಮಾತ್ರ. ದೂರ ತಿಳಿಯಲು ರೋಹಿತ ಬೇಕು: ಅದರ ರೇಖೆಗಳು ಕೆಂಪಿನತ್ತ ಹೆಚ್ಚು ಸರಿದಷ್ಟೂ ಗ್ಯಾಲಕ್ಸಿ ದೂರ. ಖಗೋಳಜ್ಞರಾದ ಬರ್ಬಿಜ್ ದಂಪತಿ 1961ರಲ್ಲಿ 7320ರ ಕೆಂಪು ಪಲ್ಲಟ ಉಳಿದವುಗಳದಕ್ಕಿಂತ ತೀರಾ ಕಡಿಮೆಯೆಂದು ಕಂಡರು. ಸೆಕೆಂಡಿಗೆ ಸುಮಾರು 800 ಕಿಲೋಮೀಟರ್ ವೇಗಕ್ಕೆ ಸಮನಾದ ಪಲ್ಲಟ ಅದರದು. ಉಳಿದವುಗಳದು 5,700ರಿಂದ 6,700. ಕೆಂಪು ಪಲ್ಲಟ ಯಾವಾಗಲೂ ದೂರದ ಅಳತೆಯಲ್ಲ ಎಂದು ವಾದಿಸಿದ ಖಗೋಳಜ್ಞ ಹಾಲ್ಟನ್ ಆರ್ಪ್, ಐದೂ ಒಂದೇ ಕಡೆ ಇವೆ ಎಂದು ನಂಬಿದ್ದರು. ಐಯುಕಾದ ಸ್ಥಾಪಕ ನಿರ್ದೇಶಕ ಜಯಂತ ನಾರಳೀಕರ್ 1993ರಲ್ಲಿ ಆರ್ಪ್ ಜೊತೆ ಪ್ರಕಟಿಸಿದ ಪ್ರಬಂಧದಲ್ಲಿ, ಹೊಸದಾಗಿ ಹುಟ್ಟಿದ ವಸ್ತುವಿನ ಕಣಗಳಿಗೆ ದ್ರವ್ಯರಾಶಿ ಕಡಿಮೆಯಿದ್ದು ಪಲ್ಲಟ ಹೆಚ್ಚಾಗಬಹುದೆಂಬ ವಿವರಣೆಯಿತ್ತು. ಬಹುಪಾಲು ಖಗೋಳಜ್ಞರು ಅದನ್ನು ಒಪ್ಪಲಿಲ್ಲ. 2022ರ ಜುಲೈ 12ರಂದು ಬಿಡುಗಡೆಯಾದ ಜೇಮ್ಸ್ ವೆಬ್ ಬಾಹ್ಯಾಕಾಶ ದೂರದರ್ಶಕದ ಚಿತ್ರದಲ್ಲಿ 7320ರ ಬಿಡಿ ನಕ್ಷತ್ರಗಳೇ ಕಂಡವು. ಅಷ್ಟು ಹತ್ತಿರದಲ್ಲಿದೆ ಅದು.

ನಾಲ್ಕು ಗ್ಯಾಲಕ್ಸಿಗಳ ಬೆಳಕು ಹೊರಟು ಸುಮಾರು 29 ಕೋಟಿ ವರ್ಷಗಳಾಗಿವೆ, 7320ರದು ಸುಮಾರು 4 ಕೋಟಿ. ಪಂಚಕದ ಐದನೆಯದು, ಹುಡುಕುವವರಿಗೆ ದಾರಿ ತೋರಿಸಿದ 7331ರಷ್ಟೇ ಹತ್ತಿರದ್ದು.