ಗೇಮ್ ನಕ್ಷೆಗಳಲ್ಲಿ ಸಂಚಾರ ಸಮಯದ ಸಮತೋಲನ

ಸಂಚಾರ ಸಮಯದ ಸಮತೋಲನವು ಬಹು ಆಟಗಾರರ ವಿಡಿಯೋ ಗೇಮ್‌ಗಳ ನಕ್ಷೆಗಳನ್ನು ವಿನ್ಯಾಸಗೊಳಿಸುವಾಗ ಅನುಸರಿಸುವ ಒಂದು ತತ್ತ್ವ. ಎದುರಾಳಿ ತಂಡಗಳು ತಮ್ಮ ಆರಂಭಸ್ಥಾನದಿಂದ ಆಯಕಟ್ಟಿನ ಜಾಗಗಳನ್ನು ತಲುಪಲು ಎಷ್ಟು ಸೆಕೆಂಡು ಬೇಕು ಎಂಬುದನ್ನು ಅಳೆದು, ಎರಡೂ ತಂಡಗಳಿಗೆ ಗೆಲುವಿನ ಅವಕಾಶ ಉಳಿಯುವಂತೆ ದಾರಿಗಳನ್ನು ರೂಪಿಸುವುದು ಇದರ ಉದ್ದೇಶ. ಆಕ್ರಮಣ ಮತ್ತು ರಕ್ಷಣೆಯ ಆಟಗಳಲ್ಲಿ ಈ ಸಮಯಗಳು ಸಮನಾಗಿದ್ದರೆ ಆಟವೇ ಕೆಡುತ್ತದೆ. ಅಲ್ಲಿ ರಕ್ಷಕರು ಮೊದಲು ತಲುಪಲೇಬೇಕು. ಎಷ್ಟು ಮೊದಲು ಎಂಬುದನ್ನು ವಿನ್ಯಾಸಕಾರರು ನಿರ್ಧರಿಸಬೇಕು.

ದೂರ ಮತ್ತು ಸಮಯ

ನಕ್ಷೆಯ ಮೇಲೆ ಸಮನಾಗಿ ಕಾಣುವ ಎರಡು ದಾರಿಗಳು ಆಟದಲ್ಲಿ ಸಮನಾಗಿರುವುದಿಲ್ಲ. ಏಣಿ, ನೀರು, ಬಾಗಿಲು, ಇಕ್ಕಟ್ಟಾದ ತಿರುವುಗಳು ಓಟವನ್ನು ನಿಧಾನಗೊಳಿಸುತ್ತವೆ. ಕೈಯಲ್ಲಿರುವ ಆಯುಧವೂ ಲೆಕ್ಕಕ್ಕೆ ಬರುತ್ತದೆ. ಕೌಂಟರ್-ಸ್ಟ್ರೈಕ್: ಗ್ಲೋಬಲ್ ಅಫೆನ್ಸಿವ್‌ನಲ್ಲಿ ಚಾಕು ಹಿಡಿದ ಆಟಗಾರನು ಸೆಕೆಂಡಿಗೆ 250 ಮಾನಗಳಷ್ಟು, ಎಕೆ-47 ಹಿಡಿದವನು 215 ಮಾನಗಳಷ್ಟು, ಎಡಬ್ಲ್ಯುಪಿ ರೈಫಲ್ ಹಿಡಿದವನು 200 ಮಾನಗಳಷ್ಟು ಓಡಬಲ್ಲನು. ಅಂದರೆ 2000 ಮಾನಗಳ ದಾರಿಯನ್ನು ಮೊದಲನೆಯವನು 8 ಸೆಕೆಂಡುಗಳಲ್ಲಿ ಕ್ರಮಿಸಿದರೆ ಕೊನೆಯವನಿಗೆ 10 ಸೆಕೆಂಡು ಬೇಕಾಗುತ್ತದೆ. ಅನುಭವಿ ಆಟಗಾರರು ಚಾಕು ಹಿಡಿದು ಓಡಿ, ತಿರುವಿನ ಸಮೀಪದಲ್ಲಿ ಬಂದೂಕಿಗೆ ಬದಲಾಯಿಸುವುದು ಇದೇ ಕಾರಣಕ್ಕೆ.

ಟೀಮ್ ಫೋರ್ಟ್ರೆಸ್ 2 (2007) ಆಟದಲ್ಲಿ ಈ ವ್ಯತ್ಯಾಸ ಇನ್ನೂ ದೊಡ್ಡದು. ಅಲ್ಲಿ ಸ್ಕೌಟ್ ಪಾತ್ರದ ವೇಗ ಸೆಕೆಂಡಿಗೆ 400 ಮಾನಗಳಾದರೆ ಹೆವಿ ಪಾತ್ರದ್ದು 230 ಮಾತ್ರ. ಸೋಲ್ಜರ್‌ನ ನಡಿಗೆ ನಿಧಾನವಾದರೂ ರಾಕೆಟ್‌ನ ಸ್ಫೋಟದಿಂದ ಜಿಗಿಯುತ್ತ ಆತ ಬೇಗನೆ ಮುಂದೆ ಸಾಗಬಲ್ಲನು. ಅದಕ್ಕೆ ತನ್ನ ಆರೋಗ್ಯಾಂಕಗಳನ್ನೇ ಬೆಲೆಯಾಗಿ ತೆರಬೇಕು. ಆದುದರಿಂದ ಎರಡು ಬದಿಗಳೂ ಒಂದೇ ರೀತಿಯಾಗಿರುವ ನಕ್ಷೆಯಲ್ಲಿಯೂ ಯಾವ ಪಾತ್ರ ಯಾವಾಗ ಮಧ್ಯಭಾಗವನ್ನು ಸೇರುತ್ತದೆ ಎಂಬ ಲೆಕ್ಕ ತಪ್ಪುವುದಿಲ್ಲ.

ಡಸ್ಟ್ 2ರ ಉದಾಹರಣೆ

ಡೇವ್ ಜಾನ್‌ಸ್ಟನ್ ರೂಪಿಸಿದ ಡಸ್ಟ್ 2 (2001) ಕೌಂಟರ್-ಸ್ಟ್ರೈಕ್‌ನ ಅತ್ಯಂತ ಪರಿಚಿತ ನಕ್ಷೆಗಳಲ್ಲಿ ಒಂದು. ಟೆರರಿಸ್ಟ್ ತಂಡವು ಎ ಅಥವಾ ಬಿ ಎಂಬ ಎರಡು ಜಾಗಗಳಲ್ಲಿ ಒಂದರಲ್ಲಿ ಬಾಂಬ್ ಇಡಬೇಕು; ಕೌಂಟರ್-ಟೆರರಿಸ್ಟ್ ತಂಡವು ಅದನ್ನು ತಡೆಯಬೇಕು. ರಕ್ಷಕರ ಆರಂಭಸ್ಥಾನ ಎರಡೂ ಜಾಗಗಳಿಗೆ ಹತ್ತಿರದಲ್ಲಿದೆ. ಆದ್ದರಿಂದ ಅವರು ಮೊದಲೇ ಹೋಗಿ ಕಾವಲು ನಿಲ್ಲಬಲ್ಲರು. ಆದರೆ ‘ಲಾಂಗ್ ಎ’ ಎಂದು ಕರೆಯಲಾಗುವ ಹೊರದಾರಿಯಲ್ಲಿ ಈ ಮುನ್ನಡೆ ತೀರಾ ಕಡಿಮೆ. ಅಲ್ಲಿನ ಜೋಡಿ ಬಾಗಿಲುಗಳ ಬಳಿ ಎರಡೂ ತಂಡಗಳು ಹೆಚ್ಚುಕಡಿಮೆ ಒಟ್ಟಿಗೇ ಎದುರಾಗುತ್ತವೆ. ಒಂದೇ ತಂಡದ ಐವರಲ್ಲಿ ಯಾರು ಯಾವ ಜಾಗದಿಂದ ಸುತ್ತನ್ನು ಆರಂಭಿಸಿದರು ಎಂಬ ಸಣ್ಣ ಅಂತರವೂ ಈ ಮೊದಲ ಕಾಳಗದ ಮೇಲೆ ಪರಿಣಾಮ ಬೀರುತ್ತದೆ. ನಕ್ಷೆಯ ಆಕರ್ಷಣೆಗೆ ಈ ಅನಿಶ್ಚಿತತೆಯೇ ಮುಖ್ಯ ಕಾರಣವೆನ್ನಬಹುದು.

ಸಂಚಾರದ ಲೆಕ್ಕವನ್ನು ದೃಷ್ಟಿರೇಖೆ ತಲೆಕೆಳಗು ಮಾಡಬಲ್ಲದು. ಇದೇ ನಕ್ಷೆಯಲ್ಲಿ ಟೆರರಿಸ್ಟರು ತಮ್ಮ ಆರಂಭಸ್ಥಾನದ ಬಳಿಯಿಂದಲೇ ಮಧ್ಯದ ಬಾಗಿಲುಗಳ ಸಂದಿನಲ್ಲಿ ಬಿ ಕಡೆಗೆ ಓಡುವ ರಕ್ಷಕನನ್ನು ಹೊಡೆಯಬಹುದಾಗಿತ್ತು. ಯಾರೂ ಎಲ್ಲಿಗೂ ತಲುಪುವ ಮೊದಲೇ ಒಂದು ತಂಡ ಒಬ್ಬನನ್ನು ಕಳೆದುಕೊಳ್ಳುವ ಸಾಧ್ಯತೆಯಿತ್ತು. ನಂತರದ ಪರಿಷ್ಕರಣೆಯೊಂದರಲ್ಲಿ ವಾಲ್ವ್ ಸಂಸ್ಥೆಯು ಈ ನೋಟವನ್ನು ಮರೆಮಾಡಿತು.

ಮರುಸಂಚಾರ

ಮೊದಲ ಮುಖಾಮುಖಿಯ ಅನಂತರ ರಕ್ಷಕರು ಒಂದು ಜಾಗದಿಂದ ಇನ್ನೊಂದಕ್ಕೆ ಧಾವಿಸುವ ಸಮಯ ಮುಖ್ಯವಾಗುತ್ತದೆ. ಗ್ಲೋಬಲ್ ಅಫೆನ್ಸಿವ್‌ನ ಸ್ಪರ್ಧಾತ್ಮಕ ಆಟದಲ್ಲಿ ಬಾಂಬ್ ಇಟ್ಟ 40 ಸೆಕೆಂಡುಗಳ ಬಳಿಕ ಸಿಡಿಯುತ್ತದೆ. ಅದನ್ನು ನಿಷ್ಕ್ರಿಯಗೊಳಿಸಲು 10 ಸೆಕೆಂಡು, ಕಿಟ್ ಇದ್ದರೆ 5 ಸೆಕೆಂಡು ಬೇಕು. ಓಟಕ್ಕೂ ಕಾಳಗಕ್ಕೂ ಸೇರಿ ಉಳಿಯುವುದು 30ರಿಂದ 35 ಸೆಕೆಂಡು. ಎರಡು ಜಾಗಗಳ ನಡುವಿನ ಓಟವೇ ಇದರಲ್ಲಿ ಬಹುಪಾಲನ್ನು ನುಂಗಿದರೆ ಮರುವಶದ ಪ್ರಯತ್ನ ವ್ಯರ್ಥ. ಓಟ ತೀರಾ ಚಿಕ್ಕದಾದರೆ ಆಕ್ರಮಣಕಾರರು ಎದುರಾಳಿಯನ್ನು ವಂಚಿಸಿ ದಿಕ್ಕು ಬದಲಿಸುವುದಕ್ಕೆ ಅರ್ಥವಿರುವುದಿಲ್ಲ.

ತಿದ್ದುವ ವಿಧಾನಗಳು

ಅಲಂಕಾರವಿಲ್ಲದ ಬರಿಯ ಗೋಡೆಗಳ ಕರಡು ನಕ್ಷೆಯಲ್ಲಿಯೇ ವಿನ್ಯಾಸಕಾರರು ಪ್ರತಿ ದಾರಿಯನ್ನೂ ಓಡಿ ಸಮಯವನ್ನು ಗುರುತಿಸಿಕೊಳ್ಳುತ್ತಾರೆ. ಆರಂಭಸ್ಥಾನವನ್ನು ಹಿಂದೆ ಸರಿಸುವುದು ಅತ್ಯಂತ ಸುಲಭವಾದ ತಿದ್ದುಪಡಿ, ಏಕೆಂದರೆ ಕಾಳಗದ ಜಾಗಗಳು ಹಾಗೆಯೇ ಉಳಿಯುತ್ತವೆ. ಆದರೆ ಅದು ಆ ತಂಡದ ಎಲ್ಲ ದಾರಿಗಳನ್ನೂ ಒಮ್ಮೆಗೇ ನಿಧಾನಗೊಳಿಸುತ್ತದೆ. ಒಂದೇ ದಾರಿಯ ಸಮಯ ಬದಲಾಗಬೇಕಾದರೆ ಆ ದಾರಿಗೆ ತಿರುವು ಸೇರಿಸಬೇಕು ಅಥವಾ ಅದನ್ನು ಉದ್ದಗೊಳಿಸಬೇಕು.

ತಂತ್ರಗಾರಿಕೆಯ ಆಟಗಳಲ್ಲಿ ನೆಲೆಗಳ ನಡುವಿನ ಅಂತರವೇ ಪಂದ್ಯದ ಸ್ವರೂಪವನ್ನು ನಿರ್ಧರಿಸುತ್ತದೆ. ಸ್ಟಾರ್‌ಕ್ರಾಫ್ಟ್ 2ರ (2010) ಆರಂಭಿಕ ನಕ್ಷೆಗಳಲ್ಲಿ ಒಂದಾದ ಸ್ಟೆಪ್ಸ್ ಆಫ್ ವಾರ್‌ನಲ್ಲಿ ನೆಲೆಗಳು ಬಹಳ ಹತ್ತಿರವಿದ್ದುದರಿಂದ, ಎದುರಾಳಿ ಬೆಳೆಯುವ ಮೊದಲೇ ದಾಳಿ ಮಾಡುವ ಆಟಗಾರನಿಗೆ ಅತಿಯಾದ ಅನುಕೂಲ ದೊರೆಯಿತು. ಆ ನಕ್ಷೆಯನ್ನು ಮುಂದೆ ಶ್ರೇಯಾಂಕದ ಪಂದ್ಯಗಳಿಂದ ಕೈಬಿಡಲಾಯಿತು.