ಮೊಗ್ಗಿನಲ್ಲೇ ಮೂಡುವ ಕೊಡೆ

ಒಳ್ಳೆ ಮಳೆ ಬಿದ್ದರೆ ರಾಯಚೂರು ಸೀಮೆಯ ಯರಗೇರಾ ಹೋಬಳಿಯ ಬದುಗಳಲ್ಲಿ, ಹಳೆ ತಿಪ್ಪೆಗಳ ಮೇಲೆ ನಾಯಿಕೊಡೆ ಏಳುತ್ತವೆ. ರಾತ್ರಿ ಕಾಣದ್ದು ಬೆಳಿಗ್ಗೆ ನಿಂತಿರುತ್ತದೆ. ಒಂದೇ ರಾತ್ರಿಗೆ ಬೆಳೆಯಿತು ಎಂದುಕೊಳ್ಳುತ್ತೇವೆ. ಆ ರಾತ್ರಿ ಅದು ನೀರು ಕುಡಿದು ಹಿಗ್ಗಿತಷ್ಟೇ. ಅದರ ಮೈ ರೂಪ ತಳೆದದ್ದು ಅದಕ್ಕೂ ಮೊದಲು. ಚೀಲದಲ್ಲಿ ಬೆಳೆಸುವ ಚಿಪ್ಪು ಅಣಬೆಯಲ್ಲಿ ಇದನ್ನು ಕಣ್ಣಾರೆ ನೋಡಬಹುದು.

ತುಂಗಭದ್ರಾ ಎಡದಂಡೆ ಕಾಲುವೆಯಿಂದಾಗಿ ಮಾನ್ವಿ, ಸಿಂಧನೂರು ಕಡೆ ನೆಲ್ಲು ಹುಲ್ಲಿಗೆ ಕೊರತೆಯಿಲ್ಲ. ಚಿಪ್ಪು ಅಣಬೆಗೆ ಅದೇ ಆಹಾರ. ಹುಲ್ಲನ್ನು ಕತ್ತರಿಸಿ, ನೆನೆಸಿ, ಬಿಸಿನೀರಿನಲ್ಲಿ ಅದ್ದಿ ತೆಗೆದು, ಪದರು ಪದರಾಗಿ ಅಣಬೆ ಬೀಜ ಉದುರಿಸುತ್ತ ಪ್ಲಾಸ್ಟಿಕ್ ಚೀಲಕ್ಕೆ ತುಂಬುತ್ತಾರೆ. ಅಣಬೆ ಬೀಜ ಎನ್ನುವುದು ಹೆಚ್ಚಾಗಿ ಬೇಯಿಸಿದ ಜೋಳದ ಕಾಳು. ಅದರ ಮೇಲೆ ಶಿಲೀಂಧ್ರದ ಬಿಳಿ ಎಳೆಗಳನ್ನು ಹಬ್ಬಿಸಿರುತ್ತಾರೆ. ಈ ಎಳೆಯ ಒಂದೊಂದು ಕೋಶದಲ್ಲೂ ಎರಡು ಕೋಶಕೇಂದ್ರಗಳಿರುತ್ತವೆ: ಹೊಂದಿಕೆಯಾಗುವ ಎರಡು ಬೀಜಕಗಳಿಂದ ಹುಟ್ಟಿದ ಎಳೆಗಳು ಕೂಡಿಕೊಂಡಾಗ ಬಂದವು. ಅವು ಬೆರೆಯದೆ, ಅಕ್ಕಪಕ್ಕದಲ್ಲೇ ಬಾಳುತ್ತವೆ.

ಎರಡು ಮೂರು ವಾರ ಎಳೆಗಳು ಹುಲ್ಲನ್ನು ಕರಗಿಸಿ ತಿನ್ನುತ್ತ ಹಬ್ಬುತ್ತವೆ. ಕತ್ತಲೆ, ಕಟ್ಟಿದ ಗಾಳಿ ಎರಡೂ ಅವಕ್ಕೆ ಒಗ್ಗುತ್ತವೆ. ಚೀಲ ಪೂರ್ತಿ ಬೆಳ್ಳಗಾದ ಮೇಲೆ ಪ್ಲಾಸ್ಟಿಕ್ ಸೀಳಿದರೆ ಹೊಸ ಗಾಳಿ, ಬೆಳಕು, ತೇವ ಒಟ್ಟಿಗೆ ತಾಗುತ್ತವೆ. ಎಳೆಗಳಲ್ಲಿರುವ ಒಂದು ಪ್ರೋಟೀನು ಬೆಳಕಿನ ನೀಲಿ ಭಾಗವನ್ನು ಗುರುತಿಸುತ್ತದೆ. ಹೊರಗೆ ಬಯಲಿದೆ ಎಂದು ಶಿಲೀಂಧ್ರಕ್ಕೆ ತಿಳಿಯುವುದು ಹೀಗೆ.

ಆಗ ಎಳೆಗಳು ಅಲ್ಲಲ್ಲಿ ಒತ್ತಾಗಿ ಕವಲೊಡೆದು ಗಂಟುಗಟ್ಟುತ್ತವೆ. ಒದ್ದೆ ಹುಲ್ಲಿನಿಂದ ಗಾಳಿಗೆ ತಲೆಯೆತ್ತಲು ನೀರಿನ ಬಿಗಿಯಾದ ಮೇಲ್ಮೈಯನ್ನು ಭೇದಿಸಬೇಕು. ಅದಕ್ಕೆ ಹೈಡ್ರೋಫೋಬಿನ್ ಎಂಬ ಪ್ರೋಟೀನನ್ನು ಒಸರುತ್ತವೆ. ಅದು ಎಳೆಯ ಹೊರಮೈಗೆ ನೀರಂಟದ ಲೇಪ. ಅಣಬೆಯೊಳಗಿನ ಗಾಳಿದಾರಿಗಳಿಗೂ ಅದೇ ಲೇಪ ಬಳಿದಿರುವುದರಿಂದ ಅವು ನೀರು ತುಂಬಿ ಕಟ್ಟಿಕೊಳ್ಳುವುದಿಲ್ಲ. ಇಷ್ಟು ಸಣ್ಣ ಜೀವಿಯ ಇಷ್ಟು ಚೊಕ್ಕ ಏರ್ಪಾಟು ನನಗೆ ಇಡೀ ಕತೆಯಲ್ಲೇ ಹೆಚ್ಚು ಬೆರಗಿನದು.

ಗಂಟು ಗುಂಡುಸೂಜಿಯ ತಲೆಯಷ್ಟಾದಾಗ ಒಂದನ್ನು ಕಿತ್ತು, ಬ್ಲೇಡಿನಿಂದ ಉದ್ದಕ್ಕೆ ಸೀಳಿ, ಭೂತಗನ್ನಡಿಯಲ್ಲಿ ನೋಡಿ. ಕಡುಬಣ್ಣದ ಪುಟ್ಟ ತಲೆ, ಕೆಳಗೆ ಬಿಳಿ ಕಾಂಡ ಬೇರೆಬೇರೆಯಾಗಿ ಕಾಣುತ್ತವೆ. ಮುಂದಿನ ಮೂರು ನಾಲ್ಕು ದಿನ ಈ ಕೋಶಗಳು ನೀರು ಹೀರಿ ಉಬ್ಬುತ್ತವೆ. ಕೊಯ್ದ ಅಣಬೆಯ ತೂಕದಲ್ಲಿ ಸುಮಾರು ಶೇ. 90 ನೀರೇ.

ರಾಯಚೂರು ಸೀಮೆಯ ತೊಡಕು ಇಲ್ಲಿದೆ. ಮೊಗ್ಗಿಗೆ ಶೇ. 80ರಿಂದ 90ರಷ್ಟು ತೇವದ ಗಾಳಿ ಬೇಕು, ನಮ್ಮ ಗಾಳಿ ಒಣ. ತೇವ ಉಳಿಯಲೆಂದು ಅಣಬೆ ಕೋಣೆಯ ಬಾಗಿಲು ಮುಚ್ಚಿದರೆ ಶಿಲೀಂಧ್ರ ಬಿಟ್ಟ ಉಸಿರು ಒಳಗೇ ಸೇರುತ್ತದೆ. ಹೊರಗಾಳಿಯಲ್ಲಿ ಇಂಗಾಲದ ಡೈಆಕ್ಸೈಡ್ ಸುಮಾರು ಶೇ. 0.04, ಕೋಣೆಯಲ್ಲಿ ಅದು ಶೇ. 0.1 ದಾಟಿತೆಂದರೆ ಕಾಂಡ ನೀಳವಾಗಿ, ಕೊಡೆ ಗುಂಡಿಯಷ್ಟಕ್ಕೇ ನಿಲ್ಲುತ್ತದೆ. ಶಿಲೀಂಧ್ರದ ಲೆಕ್ಕ ಸರಿಯಾಗಿಯೇ ಇದೆ: ಉಸಿರುಗಟ್ಟುವ ಜಾಗದಲ್ಲಿ ಕೊಡೆ ಬಿಚ್ಚಿ ಫಲವಿಲ್ಲ, ಮೊದಲು ಬಯಲಿಗೆ ಬರಬೇಕು. ಬಾಗಿಲು ತೆರೆದೇ ಇಟ್ಟರೆ ಮೊಗ್ಗು ಒಣಗಿ ಹಳದಿಯಾಗುತ್ತದೆ. ಕಿಟಕಿಗೆ ಒದ್ದೆ ಗೋಣಿತಟ್ಟು ಇಳಿಬಿಟ್ಟು, ನೆಲಕ್ಕೆ ಮರಳು ಹಾಸಿ ನೀರು ಚಿಮುಕಿಸಿ, ನಸುಕಿನಲ್ಲೂ ಸಂಜೆಯಲ್ಲೂ ಗಾಳಿ ಆಡಿಸುವುದೇ ದಾರಿ.

ಏಪ್ರಿಲ್, ಮೇನಲ್ಲಿ ಬಿಸಿಲು 40 ಡಿಗ್ರಿ ದಾಟುವಾಗ ಚಿಪ್ಪು ಅಣಬೆಯನ್ನು ಕಾಡುವುದಕ್ಕಿಂತ ಹಾಲು ಅಣಬೆಗೆ ತಿರುಗುವುದು ಜಾಣತನ. 1974ರಲ್ಲಿ ಪುರಕಾಯಸ್ಥ ಮತ್ತು ಚಂದ್ರ ಎಂಬ ವಿಜ್ಞಾನಿಗಳು ಪಶ್ಚಿಮ ಬಂಗಾಳದಿಂದ ವರದಿ ಮಾಡಿದ ಈ ತಳಿಗೆ ಕೋಣೆಯೊಳಗೆ 30ರಿಂದ 35 ಡಿಗ್ರಿ ಹಿತ. ಆದರೆ ಎಳೆ ಹಬ್ಬಿದ ಮೇಲೆ ಮೇಲುಮಣ್ಣು ಹಾಕದಿದ್ದರೆ ಇದು ಸರಿಯಾಗಿ ಮೊಗ್ಗು ಕಟ್ಟುವುದಿಲ್ಲ. ಮೇಲುಮಣ್ಣು ತೇವ ಹಿಡಿದಿಡುತ್ತದೆ. ಅದರಲ್ಲಿ ಇನ್ನೂ ಒಂದು ಗುಟ್ಟಿದೆ: ಗುಂಡಿ ಅಣಬೆಯಲ್ಲಿ ಕಂಡುಬಂದಂತೆ, ಎಳೆಗಳೇ ಬಿಡುವ ಒಂದು ಆವಿ ಮೊಗ್ಗನ್ನು ತಡೆಯುತ್ತದೆ, ಮಣ್ಣಿನ ಸೂಡೊಮೊನಾಸ್ ಬ್ಯಾಕ್ಟೀರಿಯಾ ಆ ತಡೆಯನ್ನು ತೆಗೆಯುತ್ತದೆ.

ಇಷ್ಟೆಲ್ಲ ಸಿದ್ಧತೆ ಬೀಜಕಗಳಿಗಾಗಿ. ಕೊಡೆಯಡಿಯ ತೆಳು ಪದರುಗಳ ಮೇಲಿನ ಕೋಶಗಳಲ್ಲಿ ಅಷ್ಟು ದಿನ ಜೊತೆಗಿದ್ದ ಎರಡು ಕೋಶಕೇಂದ್ರಗಳು ಕೊನೆಗೂ ಒಂದಾಗಿ, ಕೂಡಲೇ ವಿಭಜನೆಗೊಂಡು, ಚಿಪ್ಪು ಅಣಬೆಯಲ್ಲಿ ನಾಲ್ಕು ಬೀಜಕಗಳಾಗುತ್ತವೆ. ಬುಡದಲ್ಲಿ ಮೂಡುವ ನೀರಹನಿಯೊಂದು ಬೀಜಕದ ಮೈಗೆ ಸೇರಿಕೊಂಡ ಹೊಡೆತಕ್ಕೆ ಅದು ಚಿಮ್ಮಿ, ಪದರುಗಳ ನಡುವಿನಿಂದ ಕೆಳಗಿಳಿದು ಗಾಳಿ ಸೇರುತ್ತದೆ. ಬಲಿತ ಅಣಬೆಯ ಕೋಣೆಯಲ್ಲಿ ಈ ಬೀಜಕಗಳು ಮಂಜಿನಂತೆ ತುಂಬಿ ಕೆಲಸದವರಿಗೆ ಕೆಮ್ಮು, ಉಬ್ಬಸ ತರುತ್ತವೆ. ಕೊಡೆಯ ಅಂಚು ಮೇಲಕ್ಕೆ ತಿರುಗುವ ಮೊದಲೇ ಗೊಂಚಲನ್ನು ಬುಡಸಮೇತ ತಿರುಚಿ ಕೀಳಬೇಕು, ಮೂಗಿಗೆ ಬಟ್ಟೆ ಕಟ್ಟಿಕೊಂಡಿರಬೇಕು. ತುಂಡು ಉಳಿದು ಕೊಳೆಯದಿದ್ದರೆ, ಎಳೆಗಳು ಮತ್ತೆ ಆಹಾರ ಕೂಡಿಸಿಕೊಂಡು ವಾರ ಹತ್ತು ದಿನದಲ್ಲಿ ಅದೇ ಚೀಲದಿಂದ ಎರಡನೇ ಕೊಯ್ಲು ಕೊಡುತ್ತವೆ.