ಪಿಸ್ತೂಲಿಗೆ ಮುಂಚೆ ಕಿವಿಗೆ ಕಾವಲು

ಕಳೆದ ಸಂಚಿಕೆ ಸದಸ್ಯರ ಕೈಸೇರಿದ ಕೆಲವೇ ದಿನಗಳಲ್ಲಿ ನಮಗೊಂದು ಕಾಗದ ಬಂತು. ಕಾಫಿ, ಅಡಿಕೆ, ಮೆಣಸು ಇವುಗಳ ವಿಚಾರ ಅದರಲ್ಲಿ ಒಂದಕ್ಷರವೂ ಇರಲಿಲ್ಲ. ಬರೆದವರು ನಮ್ಮ ಸಂಘದ ಹಳೆಯ ಸದಸ್ಯರು. ಅವರ ಮಗಳು ಮೈಸೂರಿನಲ್ಲಿ ಓದುತ್ತಿದ್ದಾಳೆ. 2024ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಹರಿಯಾಣದ ಮನು ಭಾಕರ್ 10 ಮೀಟರ್ ಏರ್ ಪಿಸ್ತೂಲಿನಲ್ಲಿ ಕಂಚು ಗೆದ್ದು, ಸರಬ್‌ಜೋತ್ ಸಿಂಗ್ ಜೊತೆಗೂಡಿ ಮಿಶ್ರ ತಂಡದ ಸ್ಪರ್ಧೆಯಲ್ಲಿ ಇನ್ನೊಂದು ಕಂಚು ತಂದಂದಿನಿಂದ ಆ ಹುಡುಗಿಗೆ ಪಿಸ್ತೂಲಿನ ಹಂಬಲ ಹತ್ತಿದೆಯಂತೆ. "ಕೊಯ್ಲಿನ ಹಣ ಬಂದಿದೆ, ಕೊಡಿಸೋಣವೆಂದಿದ್ದೇನೆ. ಕೋವಿ ಬಲ್ಲವರು ನೀವು. ಮೊದಲು ಯಾವುದನ್ನು ಕೊಳ್ಳಲಿ?" ಎಂದು ಅವರು ಕೇಳಿದ್ದಾರೆ.

ಕೊಳ್ಳಬೇಕಾದ ಮೊದಲ ವಸ್ತು ಪಿಸ್ತೂಲಲ್ಲ, ಕಿವಿಯ ರಕ್ಷಣೆ ಎಂದು ನಾವು ಉತ್ತರ ಬರೆದೆವು. ಹಾಗೆ ಬರೆಯಲು ಕಾರಣವಿದೆ. ಇದೇ ಪ್ರಶ್ನೆ ಬೇರೆ ಮನೆಗಳಲ್ಲೂ ಎದ್ದಿರಬಹುದಾದ್ದರಿಂದ ಆ ಉತ್ತರವನ್ನೇ ಸ್ವಲ್ಪ ವಿಸ್ತರಿಸಿ ಇಲ್ಲಿ ಕೊಡುತ್ತಿದ್ದೇವೆ.

ನಮ್ಮ ಎಡಗಿವಿಯ ಕತೆ

ನಾವು ಕೋವಿ ಹಿಡಿದದ್ದು ಮೀಸೆ ಮೂಡುವ ಮೊದಲು. ಗದ್ದೆಗೆ ನುಗ್ಗುವ ಹಂದಿಯನ್ನು ಬೆದರಿಸಲು, ಕೈಲ್ ಪೊಳ್ದ್ ಬಂತೆಂದರೆ ತೆಂಗಿನಕಾಯಿಗೆ ಗುರಿಯಿಡಲು, ಹೀಗೆ ಮೂವತ್ತು ವರ್ಷಗಳ ಕಾಲ ಹನ್ನೆರಡು ಬೋರಿನ ಕೋವಿಯನ್ನು ಬರಿಗಿವಿಯಲ್ಲೇ ಹೊಡೆದೆವು. ಹೊಡೆದ ರಾತ್ರಿ ಕಿವಿಯಲ್ಲಿ 'ಕುಯ್' ಎನ್ನುತ್ತಿತ್ತು, ಬೆಳಗಾದರೆ ನಿಲ್ಲುತ್ತಿತ್ತು. ನಿಂತಿತೆಂದರೆ ಗುಣವಾಯಿತೆಂದೇ ತಿಳಿದಿದ್ದೆವು. ಕಿವಿಗೆ ಹತ್ತಿ ತುರುಕಿಕೊಂಡು ಬಂದವರನ್ನು ನೋಡಿ ನಕ್ಕದ್ದೂ ಉಂಟು.

ಒಂದು ಮಳೆಗಾಲದಲ್ಲಿ ಜೀರುಂಡೆಯ ಸದ್ದು ಹಗಲಿರುಳೂ ಕೇಳಲಾರಂಭಿಸಿತು. ಈ ಸಲ ಜೀರುಂಡೆ ಬಹಳ ಎಂದು ಮನೆಯವರೊಡನೆ ಹೇಳಿದೆವು. ಮಳೆ ನಿಂತಿತು, ಕೊಯ್ಲು ಬಂತು, ಜನವರಿಯ ಚಳಿಯಲ್ಲಿ ಕಣದಲ್ಲಿ ಕಾಫಿ ಹರಡಿ ನಿಂತಾಗಲೂ ಜೀರುಂಡೆ ನಿಲ್ಲಲಿಲ್ಲ. ಅದು ತೋಟದಲ್ಲಿರಲಿಲ್ಲ, ನಮ್ಮ ಎಡಗಿವಿಯೊಳಗಿತ್ತು. ಇಂದಿಗೂ ಅಲ್ಲೇ ಇದೆ. ಫೋನನ್ನು ಬಲಗಿವಿಗೇ ಹಿಡಿಯಬೇಕು. ಮೊಮ್ಮಗಳು ಎಡಗಡೆ ಕುಳಿತು ಏನಾದರೂ ಹೇಳಿದರೆ ತಲೆಯಾಡಿಸಿ ಸುಮ್ಮನಾಗುತ್ತೇವೆ; ಅವಳಿಗೂ ಅದು ಗೊತ್ತಾಗಿಬಿಟ್ಟಿದೆ.

ಎಡಗಿವಿಯೇ ಏಕೆಂದರೆ, ಬಲಭುಜಕ್ಕೆ ಕೋವಿಯಿಟ್ಟು ಕೆನ್ನೆಯೊತ್ತಿದಾಗ ಬಲಗಿವಿ ತಲೆಯ ಮರೆಯಲ್ಲಿರುತ್ತದೆ, ಎಡಗಿವಿ ನಳಿಗೆಯ ಬಾಯಿಯ ಕಡೆಗೆ ತೆರೆದಿರುತ್ತದೆ. ಪಿಸ್ತೂಲಿನಲ್ಲಿ ಈ ಮರೆಯೂ ಇಲ್ಲ. ತೋಳು ಚಾಚಿ ಹೊಡೆಯುವಾಗ ಪೆಟ್ಟು ಹೆಚ್ಚುಕಡಿಮೆ ಎರಡೂ ಕಿವಿಗೆ ಸಮನಾಗಿ ಬೀಳುತ್ತದೆ.

ಒಳಗೆ ಆಗುವುದೇನು?

ಒಳಗಿವಿಯಲ್ಲಿ ಶಂಖದಂತೆ ಸುರುಳಿ ಸುತ್ತಿದ ಒಂದು ಭಾಗವಿದೆ. ಅದರೊಳಗೆ, ಒಂದೊಂದು ಕಿವಿಗೆ ಸುಮಾರು ಹದಿನೈದು ಸಾವಿರದಂತೆ, ರೋಮವುಳ್ಳ ಸೂಕ್ಷ್ಮ ಕೋಶಗಳು ಇವೆ. ಸದ್ದಿನ ಅಲೆಗೆ ಇವು ಗಾಳಿಗೆ ಭತ್ತದ ಪೈರು ಬಾಗಿದಂತೆ ಬಾಗಿ ಏಳುತ್ತವೆ. ಅತಿಯಾದ ಸದ್ದು ಬಿದ್ದರೆ ಬಾಗಿದವು ಏಳುವುದಿಲ್ಲ. ಪೈರಾದರೆ ಮರುವರ್ಷ ನಾಟಿ ಮಾಡಬಹುದು. ಮನುಷ್ಯನಲ್ಲಿ ಈ ಕೋಶಗಳು ಒಮ್ಮೆ ಸತ್ತರೆ ಮತ್ತೆ ಹುಟ್ಟುವುದಿಲ್ಲ. ಮೊದಲು ಹೋಗುವುದು ಸುಮಾರು 3,000ದಿಂದ 6,000 ಹರ್ಟ್ಸ್ ವರೆಗಿನ ಕೀರಲು ಸ್ವರಗಳು. ಆದ್ದರಿಂದಲೇ ಕಿವಿ ಕೆಟ್ಟವನು "ಮಾತು ಕೇಳುತ್ತದೆ, ಆದರೆ ತಿಳಿಯುವುದಿಲ್ಲ" ಎನ್ನುತ್ತಾನೆ.

ಸದ್ದನ್ನು ಡೆಸಿಬೆಲ್ಲಿನಲ್ಲಿ ಅಳೆಯುತ್ತಾರೆ. 85 ಡೆಸಿಬೆಲ್ ಸದ್ದಿನಲ್ಲಿ ದಿನಕ್ಕೆ ಎಂಟು ಗಂಟೆ ಇರಬಹುದು. ಅಲ್ಲಿಂದ ಮುಂದೆ ಪ್ರತಿ 3 ಡೆಸಿಬೆಲ್ಲಿಗೆ ಸಮಯವನ್ನು ಅರ್ಧ ಮಾಡುತ್ತ ಹೋಗಬೇಕು. 88ಕ್ಕೆ ನಾಲ್ಕು ಗಂಟೆ, 91ಕ್ಕೆ ಎರಡು, 100ಕ್ಕೆ ಬರಿಯ ಕಾಲು ಗಂಟೆ. ಗುಂಡಿನಂತಹ ಒಂದೇ ಪೆಟ್ಟಿನ ಸದ್ದಿಗೆ 140 ಡೆಸಿಬೆಲ್ಲನ್ನು ಮೇರೆಯೆಂದು ಇಟ್ಟಿದ್ದಾರೆ. ಹನ್ನೆರಡು ಬೋರಿನ ಕೋವಿ ಇದನ್ನು ಸುಲಭವಾಗಿ ದಾಟುತ್ತದೆ. ಚಿಕ್ಕದೆಂದು ನಾವೆಲ್ಲ ತಾತ್ಸಾರ ಮಾಡುವ .22 ಪಿಸ್ತೂಲಿನ ಸದ್ದೂ ಹೊಡೆಯುವವನ ಕಿವಿಯ ಬಳಿ 150ರ ಆಸುಪಾಸು ಹೋಗುತ್ತದೆ. ಅಂದರೆ ಬರಿಗಿವಿಯಲ್ಲಿ ಒಂದು ಗುಂಡೂ ಹೆಚ್ಚೇ.

ಮೊದಲ ಪಿಸ್ತೂಲು ಯಾವುದು?

ಆರಂಭಿಸುವವರಿಗೆ 10 ಮೀಟರಿನ ಏರ್ ಪಿಸ್ತೂಲೇ ಸರಿಯೆಂಬುದು ನಮ್ಮ ಅಭಿಪ್ರಾಯ. ಇದರಲ್ಲಿ ಮದ್ದಿಲ್ಲ; ಒತ್ತಿದ ಗಾಳಿ 4.5 ಮಿಲಿಮೀಟರಿನ ಸೀಸದ ಪೆಲೆಟ್ಟನ್ನು ದೂಡುತ್ತದೆ. ಸದ್ದು ಕೋವಿಗೆ ಹೋಲಿಸಿದರೆ ಬಹಳ ಕಡಿಮೆ, ಒದೆತವಿಲ್ಲ, ಖರ್ಚೂ ಹಗುರ. 2016ರ ಶಸ್ತ್ರಾಸ್ತ್ರ ನಿಯಮಗಳಂತೆ .177 ಬೋರನ್ನೂ 20 ಜೂಲ್ ಶಕ್ತಿಯನ್ನೂ ಮೀರದ ಏರ್ ಪಿಸ್ತೂಲಿಗೆ ಲೈಸೆನ್ಸ್ ಬೇಕಿಲ್ಲ. ಹಾಗೆಂದು ಇದು ಆಟಿಕೆಯಲ್ಲ. ಕಣ್ಣಿಗೆ ತಗುಲಿದರೆ ಕಣ್ಣು ಹೋಗುತ್ತದೆ. ಹಕ್ಕಿಗೆ, ಮಂಗಕ್ಕೆ ಗುರಿಯಿಡುವುದಂತೂ ಸಲ್ಲದು.

.22 ಪಿಸ್ತೂಲಿನ ಮಾತು ಬೇರೆ. ಕೊಡಗಿನ ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಇರುವ ಕೋವಿ ರಿಯಾಯಿತಿಯನ್ನು ಕೇಂದ್ರ ಸರ್ಕಾರ 2019ರಲ್ಲಿ ಹತ್ತು ವರ್ಷಗಳಿಗೆ, ಅಂದರೆ 2029ರ ವರೆಗೆ, ವಿಸ್ತರಿಸಿದ್ದು ಸದಸ್ಯರಿಗೆ ತಿಳಿದಿದೆ. ಅದನ್ನೇ ನೆಚ್ಚಿ ಯಾರೂ ಪಿಸ್ತೂಲಿನ ಅಂಗಡಿಗೆ ಹೊರಡಬಾರದು. ಜಿಲ್ಲಾಧಿಕಾರಿಗಳ ಕಚೇರಿಗೆ ಅರ್ಜಿ ಕೊಟ್ಟು, ಬರವಣಿಗೆಯಲ್ಲಿ ಉತ್ತರ ಪಡೆದು ಆಮೇಲೆ ಮುಂದುವರಿಯುವುದು ಲೇಸು.

ಏರ್ ಪಿಸ್ತೂಲನ್ನೂ ಮೊದಲ ದಿನವೇ ಕೊಳ್ಳಬೇಡಿ. ತರಬೇತುದಾರರಿರುವ ಕ್ಲಬ್ಬಿಗೆ ಸೇರಿಸಿ, ಮೂರು ನಾಲ್ಕು ತಿಂಗಳು ಅಲ್ಲಿಯ ಪಿಸ್ತೂಲಿನಲ್ಲೇ ಅಭ್ಯಾಸ ಮಾಡಿಸಿ. ಹುಡುಗಿಯ ಹಂಬಲ ನಿಲ್ಲುವಂಥದೋ, ಕಾಫಿ ಹೂವಿನಂತೆ ನಾಲ್ಕು ದಿನದ್ದೋ ಅಷ್ಟರಲ್ಲಿ ತಿಳಿಯುತ್ತದೆ. ಕೊಳ್ಳುವಾಗ ಗಮನಿಸಬೇಕಾದದ್ದು ಇಷ್ಟು:

1. ಹಿಡಿ ಅವಳ ಅಂಗೈಗೆ ಹೊಂದಬೇಕು. ಬಲಗೈ, ಎಡಗೈ ಹಿಡಿಗಳು ಬೇರೆ ಬೇರೆ; ಅಳತೆಗಳೂ ಉಂಟು.

2. ಸ್ಪರ್ಧೆಯ ನಿಯಮದಂತೆ ಪಿಸ್ತೂಲಿನ ತೂಕ 1,500 ಗ್ರಾಂ ಮೀರಕೂಡದು, ಟ್ರಿಗರ್ ಎಳೆತ 500 ಗ್ರಾಮಿಗೆ ಕಡಿಮೆಯಾಗಕೂಡದು. ತೋಳು ಹಗುರವಿರುವವರು ಒಂದು ಕಿಲೋ ಸುಮಾರಿನದನ್ನೇ ಆರಿಸಲಿ.

3. ಗಾಳಿ ತುಂಬುವ ಸಿಲಿಂಡರ್ ಇದ್ದರೆ ಅದರ ಮೇಲಿನ ತಯಾರಿಕೆಯ ತಾರೀಖು ನೋಡಿ. ಹಳೆಯ ಪಿಸ್ತೂಲು ಅಗ್ಗಕ್ಕೆ ಸಿಕ್ಕಿತೆಂದು ಅವಧಿ ಮೀರಿದ ಸಿಲಿಂಡರ್ ತರಬೇಡಿ.

4. ರಿಪೇರಿ ಎಲ್ಲಿ, ವಾಷರು ಎಲ್ಲಿ ಸಿಗುತ್ತದೆಂದು ಮೊದಲೇ ಕೇಳಿ. ಪಲ್ಪರ್ ಕೊಂಡು ಬಿಡಿಭಾಗಕ್ಕೆ ಅಲೆದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಅಭ್ಯಾಸದ ಮಾತು

10 ಮೀಟರ್ ದೂರದ ಕಾಗದದಲ್ಲಿ ಹತ್ತರ ವೃತ್ತ 11.5 ಮಿಲಿಮೀಟರ್ ಅಗಲ, ಹೆಚ್ಚೆಂದರೆ ಒಂದು ಪಾರ್ಚ್‌ಮೆಂಟ್ ಬೀಜದ ಉದ್ದ. ಒಂದೇ ಕೈಯಲ್ಲಿ ಹಿಡಿದು ಒಂದೂಕಾಲು ಗಂಟೆಯಲ್ಲಿ 60 ಗುಂಡು ಹೊಡೆಯಬೇಕು. ಕೋವಿಯ ಅಭ್ಯಾಸವಿದ್ದವರೂ ಇಲ್ಲಿ ಮಕ್ಕಳೇ. ಕಣ್ಣು ಗುರಿಯ ಮೇಲಲ್ಲ, ಮುಂದಿನ ಸೈಟಿನ ಮೇಲೆ ನಿಲ್ಲಬೇಕು. ಗುರಿ ಮಸುಕಾಗಿಯೇ ಕಾಣಲಿ. ಟ್ರಿಗರನ್ನು ಕಿತ್ತೆಳೆಯದೆ ಮೆಲ್ಲಗೆ ಒತ್ತುತ್ತ ಹೋಗಬೇಕು. ಎಂಟು ಹತ್ತು ಸೆಕೆಂಡಿನೊಳಗೆ ಗುಂಡು ಹೋಗದಿದ್ದರೆ ಕೈಯಿಳಿಸಿ ಮತ್ತೆ ಆರಂಭಿಸಬೇಕು.

ಪೆಲೆಟ್ಟು ಹಾಕದೆ ಟ್ರಿಗರ್ ಒತ್ತುವ ಅಭ್ಯಾಸವನ್ನು ಮನೆಯಲ್ಲೇ ಮಾಡಬಹುದು. ಅದಕ್ಕೆ ಅನುಕೂಲವಿರುವ ಪಿಸ್ತೂಲುಗಳುಂಟು. ಆಗಲೂ ಪಿಸ್ತೂಲು ತುಂಬಿದೆಯೆಂದೇ ತಿಳಿದು, ಬಾಯಿಯನ್ನು ಜನರತ್ತ ತಿರುಗಿಸದೆ, ಬೆರಳನ್ನು ಟ್ರಿಗರಿನಿಂದ ಹೊರಗಿಟ್ಟು ನಡೆದುಕೊಳ್ಳತಕ್ಕದ್ದು. ಪೆಲೆಟ್ಟು ಸೀಸದ್ದಾದ್ದರಿಂದ ಕೈ ತೊಳೆಯದೆ ಊಟ ತಿಂಡಿ ಮುಟ್ಟಕೂಡದು.

ತಾಳ್ಮೆಗೆ ನಮ್ಮ ನಾಡಿನ ಉದಾಹರಣೆಯೇ ಇದೆ. ಬೆಂಗಳೂರಿನ ಪ್ರಕಾಶ್ ನಂಜಪ್ಪ 2013ರಲ್ಲಿ ದಕ್ಷಿಣ ಕೊರಿಯಾದ ಚಾಂಗ್ವಾನ್‌ನಲ್ಲಿ ನಡೆದ ವಿಶ್ವಕಪ್‌ನಲ್ಲಿ 10 ಮೀಟರ್ ಏರ್ ಪಿಸ್ತೂಲಿನ ಕಂಚು ಗೆದ್ದರು. ಅದೇ ವರ್ಷ ಮುಖದ ಒಂದು ಭಾಗ ಪಾರ್ಶ್ವವಾಯುವಿಗೆ ಸಿಕ್ಕಿತು. ಆದರೂ ಬಿಡದೆ 2014ರ ಗ್ಲಾಸ್ಗೋ ಕಾಮನ್‌ವೆಲ್ತ್ ಕ್ರೀಡೆಯಲ್ಲಿ 50 ಮೀಟರ್ ಪಿಸ್ತೂಲಿನಲ್ಲಿ ಬೆಳ್ಳಿ ತಂದರು, 2016ರ ರಿಯೋ ಒಲಿಂಪಿಕ್ಸ್‌ಗೂ ಹೋಗಿ ಬಂದರು.

ಕಿವಿಯ ಕಾವಲು ಹೇಗೆ?

ಏರ್ ಪಿಸ್ತೂಲಿಗೂ ಕಿವಿ ಮುಚ್ಚಬೇಕೆ ಎಂದು ಕೇಳುವವರಿದ್ದಾರೆ. ಮುಚ್ಚಲಿ ಎನ್ನುತ್ತೇವೆ. ತಗಡಿನ ಮಾಡಿನ ಕೆಳಗೆ ಹತ್ತು ಜನ ಹೊಡೆಯುವಲ್ಲಿ ಸದ್ದು ಗೋಡೆಗೆ ಬಡಿದು ಮರಳುತ್ತದೆ, ಪಕ್ಕದ ಅಂಗಳದಲ್ಲೇ.22 ಸಿಡಿಯುತ್ತಿರಬಹುದು. ಅದಕ್ಕಿಂತ ಮುಖ್ಯವಾಗಿ, ಮೊದಲ ದಿನ ಬಿದ್ದ ಅಭ್ಯಾಸವೇ ದೊಡ್ಡ ಪಿಸ್ತೂಲಿಗೆ ಹೋದಾಗ ಕೈಹಿಡಿಯುವುದು.

ಹತ್ತಿ ಕಾವಲಲ್ಲ. ಬೆರಳಿನಲ್ಲಿ ಹೊಸೆಯುವ ಮೆತ್ತನೆಯ ಇಯರ್‌ಪ್ಲಗ್ ಕೆಲವೇ ರೂಪಾಯಿಗೆ ಸಿಗುತ್ತದೆ, ಆದರೆ ಹಾಕಿಕೊಳ್ಳುವ ಕ್ರಮ ತಿಳಿಯದೆ ಬಹುಮಂದಿ ಅದನ್ನು ವ್ಯರ್ಥ ಮಾಡುತ್ತಾರೆ. ಶುದ್ಧ ಕೈಯಲ್ಲಿ ಅದನ್ನು ತೆಳ್ಳಗೆ ಹೊಸೆಯಿರಿ. ಇನ್ನೊಂದು ಕೈಯನ್ನು ತಲೆಯ ಹಿಂದಿನಿಂದ ತಂದು ಕಿವಿಯನ್ನು ಮೇಲಕ್ಕೂ ಹಿಂದಕ್ಕೂ ಎಳೆದು ಹಿಡಿಯಿರಿ. ಆಗ ಕಿವಿಯ ದಾರಿ ನೆಟ್ಟಗಾಗುತ್ತದೆ. ಪ್ಲಗ್ಗನ್ನು ಒಳಗಿಟ್ಟು ಅರ್ಧ ನಿಮಿಷ ಬೆರಳಿನಿಂದ ಒತ್ತಿಹಿಡಿಯಿರಿ. ಸರಿಯಾಗಿ ಕೂತರೆ ನಿಮ್ಮ ದನಿ ನಿಮಗೇ ಗುಡಾಣದೊಳಗಿಂದ ಬಂದಂತೆ ಕೇಳುತ್ತದೆ.

ಇಯರ್‌ಮಫ್ ಎಂಬ ಕಿವಿ ಮುಚ್ಚಳ ಹೊಸಬರಿಗೆ ಸುಲಭ. ಆದರೆ ಕನ್ನಡಕದ ಕಾಲು, ಕೂದಲು, ಟೋಪಿಯ ಅಂಚು ಸಿಕ್ಕಿ ಸಂದು ಉಳಿದರೆ ಅಲ್ಲಿಂದಲೇ ಸದ್ದು ನುಗ್ಗುತ್ತದೆ. ಪೊಟ್ಟಣದ ಮೇಲಿನ ಅಂಕಿಯನ್ನೂ ಹಾಗೆಯೇ ನಂಬಬಾರದು. ಅಮೆರಿಕದ ಅಳತೆಯಂತೆ 29 ಎಂದಿದ್ದರೆ ಅದರಲ್ಲಿ 7 ಕಳೆದು, ಉಳಿದದ್ದನ್ನು ಅರ್ಧ ಮಾಡಿ, 11 ಎಂದು ಹಿಡಿಯುವುದು ಎಚ್ಚರದ ಲೆಕ್ಕ. ಆದ್ದರಿಂದ .22ಕ್ಕಾಗಲಿ, ಕೋವಿಗಾಗಲಿ ಪ್ಲಗ್ ಹಾಕಿ ಅದರ ಮೇಲೆ ಮಫ್ ಹಾಕಬೇಕು. ಎರಡರ ಅಂಕಿಗಳು ಕೂಡುವುದಿಲ್ಲ, ಒಂದರ ಮೇಲೆ ಸುಮಾರು 5 ಡೆಸಿಬೆಲ್ ಹೆಚ್ಚು ಸಿಗಬಹುದು. ಆದರೂ ಒಂದು ಜಾರಿದರೆ ಇನ್ನೊಂದು ಇರುತ್ತದೆ.

ಮಗಳು ಅಭ್ಯಾಸಕ್ಕೆ ಇಳಿಯುವ ಮೊದಲೇ ಒಮ್ಮೆ ಶ್ರವಣ ಪರೀಕ್ಷೆ ಮಾಡಿಸಿ ಕಾಗದ ತೆಗೆದಿಡಿ. ವರ್ಷಕ್ಕೊಮ್ಮೆ ಅದರೊಡನೆ ಹೋಲಿಸಬಹುದು. 1965ರಲ್ಲಿ ಆರಂಭವಾದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಮೈಸೂರಿನಲ್ಲೇ ಇದೆ. ಗುಂಡಿನ ಸದ್ದಿನ ನಂತರ ಕಿವಿ ಮಂದವಾದರೆ, ಗುಯ್‌ಗುಡುವುದು ಮರುದಿನವೂ ನಿಲ್ಲದಿದ್ದರೆ, ತಡಮಾಡದೆ ಕಿವಿಯ ವೈದ್ಯರಲ್ಲಿಗೆ ಹೋಗಬೇಕು. ಬಿಸಿ ಎಣ್ಣೆ ಬಿಡುತ್ತ ವಾರ ಕಳೆದರೆ ಚಿಕಿತ್ಸೆಯ ಹೊತ್ತು ಮೀರುತ್ತದೆ.

ತೋಟದ ಮಾತೂ ಇದೇ

ಕೊನೆಯದಾಗಿ ಒಂದು ವಿಚಾರ. ಮರಕಸಿಗೆ ತರುವ ಚೈನ್‌ಸಾದ ಸದ್ದು 105 ಡೆಸಿಬೆಲ್ ದಾಟುತ್ತದೆ. ಮೇಲಿನ ಲೆಕ್ಕದಂತೆ ಐದು ನಿಮಿಷವೂ ಬರಿಗಿವಿಯಲ್ಲಿ ಹಿಡಿಯತಕ್ಕದ್ದಲ್ಲ. ಕಳೆ ಕತ್ತರಿಸುವ ಯಂತ್ರ, ಔಷಧಿ ಹೊಡೆಯುವ ಎಂಜಿನ್ ಇವೂ ಕಿವಿಗೆ ಮಿತ್ರರಲ್ಲ. ನಮ್ಮ ಆಳುಗಳು ದಿನವಿಡೀ ಅವನ್ನು ಹೊತ್ತು ತಿರುಗುತ್ತಾರೆ, ಒಂದು ಪ್ಲಗ್ಗೂ ಇಲ್ಲದೆ. ಮಗಳ ಕಿವಿಗಿರುವ ಬೆಲೆಯೇ ಅವರ ಕಿವಿಗೂ ಇದೆ.

ಕಾಗದ ಬರೆದ ಸದಸ್ಯರಿಂದ ಮರು ಉತ್ತರ ಬಂದಿದೆ. ಪಿಸ್ತೂಲು ಇನ್ನೂ ಕೊಂಡಿಲ್ಲವಂತೆ, ಮಗಳು ಕ್ಲಬ್ಬಿಗೆ ಸೇರಿದ್ದಾಳೆ. ಮಫ್ ಮಾತ್ರ ಮೂರು ತಂದಿದ್ದಾರೆ: ಒಂದು ಮಗಳಿಗೆ, ಒಂದು ಚೈನ್‌ಸಾ ಹಿಡಿಯುವವನಿಗೆ, ಇನ್ನೊಂದು ತಮಗೆ. ಈ ಸಲದ ಕೈಲ್ ಪೊಳ್ದ್‌ಗೆ ತೆಂಗಿನಕಾಯಿಯ ಮುಂದೆ ನಿಲ್ಲುವಾಗ ಸದಸ್ಯ ಬಾಂಧವರೆಲ್ಲರೂ ಹಾಗೆಯೇ ಮಾಡಲೆಂಬುದು ನಮ್ಮ ವಿನಂತಿ. ಯಾರಾದರೂ ನಕ್ಕರೆ ನಗಲಿ. ನಕ್ಕವರ ಕಿವಿಗೆ ಏನಾಗುತ್ತದೆಂಬುದನ್ನು ನಮ್ಮ ಎಡಗಿವಿ ಬಲ್ಲದು.